ದಬ್ಬಣ, ಬುಗುರಿ ಮತ್ತು ಗಂಗವ್ವನ ಮಗಳ ಮದುವೆ

ಹದಿನೈದು ದಿನದ ಹಿಂದೆ ನಮ್ಮ ಮನೆಯವರ ಛತ್ರಿಯ ಕಡ್ಡಿ ಮುರಿದೆ.

ಕೈತಪ್ಪಿ ಅಲ್ಲ, ಬೇಕೆಂದೇ. ಮಳೆ ಇವತ್ತೋ ನಾಳೆಯೋ ಎಂದು ಮುಂಬಯಿಯ ಇಡೀ ಪರೇಲ್ ಆಕಾಶ ನೋಡುತ್ತಿರುವಾಗ ಗಂಡನ ಛತ್ರಿ ಮುರಿಯುವ ಹೆಂಗಸು ಎಂಥವಳು ಎಂದು ನೀವು ಕೇಳಬಹುದು. ಅವರೂ ಕೇಳಿದರು. ಅವರು ಬಳಸಿದ ಮಾತುಗಳನ್ನು ಇಲ್ಲಿ ಬರೆದರೆ ಸಂಪಾದಕರು ಈ ಅಂಕಣಕ್ಕೇ ಬೀಗ ಹಾಕುತ್ತಾರೆ.

ನನಗೆ ಉಳಿ ಬೇಕಿತ್ತು. ಕಟ್ಟಿಗೆ ಕೆತ್ತುವ ಉಳಿ ಅಲ್ಲ, ಬಂಗಾರದ ಮೇಲೆ ಗುರುತು ಕೊರೆಯುವ ಸಣ್ಣ ಉಳಿ.

ಅರವತ್ತು ದಾಟಿದ ಮುದುಕಿಗೆ ಅದೆಲ್ಲ ಯಾಕೆ? ಹೇಳುತ್ತೇನೆ.

ನಮ್ಮ ಚಾಳಿನ ಕೆಳಗಿನ ಮಾಳಿಗೆಯಲ್ಲಿ ಗಂಗವ್ವ ಇದ್ದಾಳೆ, ಗೋಕಾಕದ ಕಡೆಯವಳು. ಗಂಡ ಸತ್ತ ಮೇಲೆ ಖಾನಾವಳಿ ಹಾಕಿದಳು. ಗಿರಣಿ ಹುಡುಗರಿಗೆ ರೊಟ್ಟಿ ಬಡಿದು ಬಡಿದು ಮಗಳನ್ನು ಬೆಳೆಸಿದಳು. ಆ ಮಗಳು ಸುಮಿತ್ರಾಗೆ ಬೊರಿವಲಿಯ ಹುಡುಗ ಗೊತ್ತಾದ. ಜೋಗೇಶ್ವರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಒಳ್ಳೆಯ ಹುಡುಗ, ಕಿವಿ ತುಸು ಅಗಲ. ಬೀಗರು ಏನನ್ನೂ ಕೇಳಲಿಲ್ಲ. ಹೋಗುವಾಗ ಹುಡುಗನ ತಾಯಿ ನೀಲವ್ವ ಮೆಟ್ಟಿಲ ಮೇಲೆ ನಿಂತು ಒಂದೇ ಮಾತು ಆಡಿದಳು.

"ನಮಗ ಏನೂ ಬ್ಯಾಡ್ರೆವಾ. ಮದಿವ್ಯಾಗ ಹುಡುಗಿ ಕೈಯಾಗ ನಾಕು ಜೋಡಿ ಬಂಗಾರದ್ದು ಕಂಡ್ರ ಸಾಕು."

ನಾಕು! ಗಂಗವ್ವನ ಹತ್ತಿರ ಒಂದೂ ಇಲ್ಲ. ಇದ್ದದ್ದೆಲ್ಲ ಗಂಡನ ಕೆಮ್ಮಿನ ಜೊತೆ ಹೋಯಿತು.

ಹಾಗೆಂದು ಗಾಬರಿ ಬೀಳುವಂಥದ್ದೇನೂ ಇರಲಿಲ್ಲ. ನಮ್ಮ ಚಾಳಿನಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಯಲ್ಲಿ ಮದುವೆಯೋ ಅವರ ಮಗಳಿಗೆ ಉಳಿದವರು ತಮ್ಮ ಬಳೆ ತೊಡಿಸುತ್ತಾರೆ. ಮದುವೆ ಮುಗಿದ ಮರುದಿನ ವಾಪಸ್ಸು. (ಆಮೇಲೆ ಬೀಗರು ಬಂಗಾರ ಎಲ್ಲಿ ಎಂದು ಕೇಳಿದರೆ? 'ಲಾಕರ್‌ನಾಗ ಇಟ್ಟೀವ್ರಿ' ಎನ್ನುವುದು. ಮುಂಬಯಿಯ ಅರ್ಧ ಬಂಗಾರ ಈ ಬಾಯಿಮಾತಿನ ಲಾಕರಿನಲ್ಲೇ ಇದೆ.)

ಆದರೆ ಈ ಸಲ ಯಾರೂ ಬಳೆ ಕೊಡಲಿಲ್ಲ.

ಕಾರಣ ಸಾವಂತ್ರವ್ವ ಮತ್ತು ರತ್ನವ್ವ. ಇಬ್ಬರೂ ನನ್ನ ಮಾಳಿಗೆಯವರೇ, ಒಬ್ಬಳು ಬಲಕ್ಕೆ, ಒಬ್ಬಳು ಎಡಕ್ಕೆ. ಇಬ್ಬರೂ ಒಂದೇ ಅಂಗಡಿಯಲ್ಲಿ ಒಂದೇ ನಮೂನೆಯ ಪಾಟ್ಲಿ, ಅಂದರೆ ಬಂಗಾರದ ಅಗಲ ಬಳೆ, ಮಾಡಿಸಿಕೊಂಡವರು. ಚೈತ್ರದಲ್ಲಿ ಒಂದು ಮದುವೆಗೆ ಇಬ್ಬರೂ ಕೊಟ್ಟರು. ಪಾಟ್ಲಿಗಳು ವಾಪಸ್ಸು ಬಂದವು. ಯಾರದು ಯಾರಿಗೆ ಬಂತು? ಆ ದೇವರಿಗೂ ಗೊತ್ತಿಲ್ಲ. "ನಂದು ಇದಲ್ಲ, ಇದು ಸವದೈತಿ" ಎಂದು ಸಾವಂತ್ರವ್ವ. "ಸವದದ್ದು ನಿಂದ, ನನಗ ಬಂದೈತಿ" ಎಂದು ರತ್ನವ್ವ. ತೂಗಿಸಿದರೆ ಎರಡು ಜೋಡಿಯೂ ಸಮ. ಆದರೂ ಇಬ್ಬರೂ ಒಪ್ಪಲಿಲ್ಲ. ಅಂದಿನಿಂದ ನಳದ ಹತ್ತಿರ ಬೆನ್ನಿಗೆ ಬೆನ್ನು ಮಾಡಿ ನೀರು ಹಿಡಿಯುತ್ತಿದ್ದಾರೆ. ಅವರನ್ನು ನೋಡಿ ಉಳಿದವರೂ ಪೆಟ್ಟಿಗೆಗೆ ಬೀಗ ಜಡಿದರು.

ಮದುವೆಗೆ ಹಿಡಿದದ್ದು ಜ್ಯೇಷ್ಠದ ಕೊನೆಯ ಮುಹೂರ್ತ. ಅದು ತಪ್ಪಿದರೆ ಕಾರ್ತಿಕದ ತುಳಸಿ ಲಗ್ನದವರೆಗೆ ಸುಮ್ಮನೆ ಕೂಡಬೇಕು. ಅಷ್ಟರಲ್ಲಿ ಬೊರಿವಲಿಯವರ ಮನಸ್ಸು ಯಾವ ಸ್ಟೇಷನ್ನಿನಲ್ಲಿ ಇಳಿದಿರುತ್ತದೋ ಯಾರಿಗೆ ಗೊತ್ತು? ಗಂಗವ್ವ ನನ್ನ ಬಾಗಿಲಲ್ಲಿ ಬಂದು ಕುಕ್ಕರಿಸಿದಳು. ಅಳಲಿಲ್ಲ. (ಅತ್ತಿದ್ದರೆ ಎಬ್ಬಿಸಿ ಕಳಿಸುತ್ತಿದ್ದೆ.)

"ಆಯಿ, ಅವರಿಬ್ಬರ ಕಾಲಿಗರ ಬೀಳ್ಲೇನು?"

"ಕಾಲಿಗೆ ಬಿದ್ರ ಬಳಿ ಕೊಡಂಗಿಲ್ಲ, ಆಶೀರ್ವಾದ ಕೊಡ್ತಾರ. ತಡಿ. ಒಂದೊಂದ ಜೋಡಿಗೆ ಒಂದೊಂದ ಗುರ್ತ ಕೊರದ್ರ ಹೆಂಗ? ಕೊರದ ಮ್ಯಾಲ ಅದಲಿ ಬದಲಿ ಹೆಂಗ ಆಕ್ಕಾವ?"

"ಕೊರಿಯಾವ್ರು ಯಾರು?"

ಹೌದಲ್ಲ? ಪಾತ್ರೆಗೆ ಹೆಸರು ಕೊರೆಯುವವನ ಕೈಗೆ ಬಂಗಾರ ಕೊಡಲು ಬರುವುದಿಲ್ಲ. ಅಕ್ಕಸಾಲಿಗನಿಗೆ ಕೊಟ್ಟರೆ ಎರಡು ದಿನ ಇಟ್ಟುಕೊಳ್ಳುತ್ತಾನೆ. ಅಷ್ಟು ಹೊತ್ತು ಪಾಟ್ಲಿ ಕಣ್ಣಿಗೆ ಕಾಣದಿದ್ದರೆ ಸಾವಂತ್ರವ್ವನಿಗೆ ಅನ್ನ ಇಳಿಯುವುದಿಲ್ಲ. ನನ್ನ ಬಾಯಿ ನನಗಿಂತ ಮುಂದೆ ಓಡುವ ಪೈಕಿ. "ನಾನು ಕೊರಿತೀನಿ" ಎಂದುಬಿಟ್ಟೆ.

ನನ್ನಪ್ಪ ಪತ್ತಾರ, ಅಂದರೆ ಅಕ್ಕಸಾಲಿಗ. ಅವನ ಕುಲುಮೆಯ ಹೊಸ್ತಿಲಲ್ಲಿ ಕೂತು ಹನ್ನೆರಡು ವರ್ಷ ನೋಡಿದ್ದೇನೆ. ಊದುಗೊಳವೆ ಊದಬಹುದಿತ್ತು, ಉಳಿ ಮುಟ್ಟುವಂತಿರಲಿಲ್ಲ. ಹೆಣ್ಣುಮಕ್ಕಳು ಮುಟ್ಟಿದರೆ ಉಳಿ ಮೊಂಡಾಗುತ್ತದಂತೆ. ಶಾಲೆ ಮೂರನೆಯ ಇಯತ್ತೆಗೆ ಬಿಟ್ಟೆ, ನೋಡುವುದನ್ನು ಬಿಡಲಿಲ್ಲ. ಕಣ್ಣಿಗೆ ಯಾರು ಬೀಗ ಹಾಕುತ್ತಾರೆ?

ಹಾಗೆ ಛತ್ರಿ ಮುರಿದದ್ದು. ಕಬ್ಬಿಣದ ಕಡ್ಡಿ, ತೆಳ್ಳಗೆ, ಉದ್ದಕ್ಕೆ, ಇದಕ್ಕಿಂತ ಒಳ್ಳೆಯ ಉಳಿ ಬೇಕೇ ಎಂದುಕೊಂಡೆ. ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ ಛತ್ರಿ ರಿಪೇರಿ ಮಾಡುವ ಬಿಜಾಪುರದ ಮಹಬೂಬಸಾಬನಿಗೆ ತೋರಿಸಿದೆ. ಅವನು ಕಡ್ಡಿ ನೋಡಿದ, ನನ್ನನ್ನು ನೋಡಿದ, ಹಣೆ ಬಡಿದುಕೊಂಡ.

"ಯಾ ಅಲ್ಲಾ! ಆಯಿ, ಕ್ಯಾ ಕರೇ ತುಮೆ? ಇದು ಪೊಳ್ಳು ಐತಿ! ತಗಡು ಮಡಚಿ ಮಾಡಿದ್ದು. ಬೆಣ್ಣಿ ಕೊರಿಯಾಕೂ ಬರೂದಿಲ್ಲ. ಚಲೋ ಛತ್ರಿ ಸುಮ್ನ ಕೊಂದ್ರಿ."

ಸತ್ತ ಛತ್ರಿ ಅವನಿಗೇ ಕೊಟ್ಟೆ. ಅವನು ತನ್ನ ಚೀಲದಿಂದ ಒಂದು ದಬ್ಬಣ ತೆಗೆದುಕೊಟ್ಟ. ಗೋಣಿಚೀಲ ಹೊಲಿಯುವ ದಪ್ಪ ಸೂಜಿ, ನಿಮ್ಮೆಲ್ಲರ ಮನೆಯಲ್ಲೂ ಎಲ್ಲೋ ಬಿದ್ದಿರುತ್ತದೆ. ಗಟ್ಟಿ ಉಕ್ಕು. ತುದಿ ಮೊದಲೇ ತುಸು ಬಾಗಿರುತ್ತದೆ, ಬಳೆಯ ಒಳಮೈ ಕೊರೆಯಲು ಹೇಳಿ ಮಾಡಿಸಿದಂತೆ! ನಾನು ಗೇಟಿನಲ್ಲೇ ಕುಣಿಯುವುದು ಬಾಕಿ.

ನೀವೂ ಮಾಡಿ ನೋಡುತ್ತೀರಾ? ಉಪ್ಪಿಟ್ಟಿಗಿಂತ ಸುಲಭ, ಅವಸರ ಮಾಡಬಾರದು ಅಷ್ಟೇ. ದಬ್ಬಣವನ್ನು ಇಕ್ಕಳದಲ್ಲಿ ಹಿಡಿದು ಸ್ಟವ್ ಮೇಲೆ ಕೆಂಪಗೆ ಕಾಯಿಸಬೇಕು. ಕೆಂಪಗಾದದ್ದೇ ನಾನು ನೀರಿಗೆ ಅದ್ದಿದೆ. ಪಟ್! ಎರಡು ತುಂಡು. ಆಗ ನೆನಪಾಯಿತು, ಅಪ್ಪ ಅದ್ದುತ್ತಿದ್ದದ್ದು ಎಣ್ಣೆಗೆ. ಮಹಬೂಬಸಾಬನಿಂದ ಇನ್ನೊಂದು ದಬ್ಬಣ ತಂದು ಶೇಂಗಾ ಎಣ್ಣೆಗೆ ಅದ್ದಿದೆ. ಎದ್ದ ಹೊಗೆಗೆ ನಮ್ಮ ಮನೆಯವರು ಬೆಂಕಿ ಬಿತ್ತೆಂದು ಗ್ಯಾಲರಿಗೆ ಓಡಿದರು. (ನನ್ನನ್ನು ಕರೆಯಲಿಲ್ಲ. ಟ್ರಾನ್ಸಿಸ್ಟರ್ ಮಾತ್ರ ಎತ್ತಿಕೊಂಡರು. ನೆನಪಿಟ್ಟಿದ್ದೇನೆ.) ಆಮೇಲೆ ತಿಕ್ಕಿ ಬೆಳ್ಳಗೆ ಮಾಡಿ, ಮತ್ತೆ ಮೆಲ್ಲಗೆ ಬಿಸಿ ತೋರಿಸಬೇಕು. ಹುರಿದ ರವೆಯ ಬಣ್ಣ ಬಂದ ಕೂಡಲೇ ತೆಗೆಯಬೇಕು. ಅದಕ್ಕಿಂತ ಮುಂದೆ ಹೋದರೆ ಉಪ್ಪಿಟ್ಟೂ ಕೆಡುತ್ತದೆ, ಉಳಿಯೂ ಕೆಡುತ್ತದೆ.

ಮಸೆಯುವುದು? ಮೊದಲು ಬಟ್ಟೆ ಒಗೆಯುವ ಕಲ್ಲಿನ ಮೇಲೆ. ನಯ ಬರಲು ಉಪ್ಪಿನಕಾಯಿಯ ಚೀನಿ ಭರಣಿ ಮಗುಚಿ ಹಾಕಿ ಅದರ ತಳದ ಒರಟು ಅಂಚಿನ ಮೇಲೆ. ಉಗುರಿನ ಮೇಲೆ ಇಟ್ಟರೆ ಜಾರದೆ ಕಚ್ಚಬೇಕು. ಕಚ್ಚಿತು!

ಇನ್ನು ಹಿಡಿ. ಅಂಗೈ ಕುಳಿಯಲ್ಲಿ ಕೂಡುವಂತೆ ಗುಂಡಗಿರಬೇಕು. ಮನೆಯೆಲ್ಲ ಹುಡುಕಿದೆ. ಲಟ್ಟಣಿಗೆಯ ತುದಿ ಕೊಯ್ಯಲು ಹೊರಟಾಗ ಸೊಸೆ ಅದನ್ನು ಕಸಿದುಕೊಂಡಳು. ಕೊನೆಗೆ ಅಟ್ಟದ ಮೇಲೆ ಸಿಕ್ಕಿದ್ದು ಮಗನ ಚಿಕ್ಕಂದಿನ ಬುಗುರಿ. (ನೆನಪಿಗೆಂದು ಇಟ್ಟದ್ದಲ್ಲ, ಎಸೆಯಲು ಮರೆತದ್ದು.) ಮೊಳೆ ಕಿತ್ತು ಅದೇ ತೂತಿನಲ್ಲಿ ದಬ್ಬಣ ಜಡಿದೆ. ಅಂಗೈಗೆ ಹೇಗೆ ಕೂತಿತು ಎನ್ನುತ್ತೀರಿ! ಅಪ್ಪನ ಸಾಗುವಾನಿ ಹಿಡಿ ಇದರ ಮುಂದೆ ಏನೂ ಅಲ್ಲ.

ಬಳೆ ಅಲುಗಾಡದಂತೆ ಹಿಡಿಯಲು ಅರಗು ಬೇಕು. ಪಾರ್ಸೆಲ್ಲಿಗೆ ಮುದ್ರೆ ಒತ್ತುವ ಅರಗಿನ ಕಡ್ಡಿ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಕರಗಿಸಿ, ಇಟ್ಟಿಗೆ ಪುಡಿ ಕಲಸಿ, ತೆಂಗಿನ ಕರಟದಲ್ಲಿ ಹೊಯ್ದೆ. ಕರಟವನ್ನು ಕೊಡ ಇಡುವ ಬಟ್ಟೆಯ ಸಿಂಬಿಯ ಮೇಲೆ ಕೂಡಿಸಿದೆ. ಬೇಕಾದ ಕಡೆ ವಾಲುತ್ತದೆ, ತಿರುಗುತ್ತದೆ, ಉರುಳುವುದಿಲ್ಲ. ಅರಗು ಬೆಚ್ಚಗಿರುವಾಗ ಬಳೆ ಒತ್ತಿದರೆ ಕಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ತುಸು ಬಿಸಿ ತೋರಿಸಿದರೆ ಬಿಡುತ್ತದೆ. ಎಷ್ಟೋ ಗಂಡಸರಿಗಿಂತ ಮಾತು ಕೇಳುವ ವಸ್ತು.

ಮೂರು ದಿನ ಕೈ ತಿರುವಿದೆ. ನಮ್ಮ ಮನೆಯವರ ಹಿತ್ತಾಳೆಯ ತಂಬಾಕಿನ ಡಬ್ಬಿಯ ಮೇಲೆ ಬಾತುಕೋಳಿ, ಮಾವಿನಕಾಯಿ, ಮತ್ತೆ ಬಾತುಕೋಳಿ. ಅವರ ಚಾಳೀಸು ಕನ್ನಡಕ ನನ್ನ ಮೂಗಿನ ಮೇಲೆ. ಅವರು ಪೇಪರು ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ಕೂತರು.

"ಛತ್ರಿ ಆತು, ಡಬ್ಬಿ ಆತು, ಚಾಳೀಸೂ ಆತು. ಇನ್ನ ನನ್ನ ಹಲ್ಲೂ ಬೇಕೇನು ನಿನಗ?"

"ಕಟ್ಟಿಸಿದ ಹಲ್ಲು ನನ್ನ ಉಪಯೋಗಕ್ಕ ಬರೂದಿಲ್ಲ. ಇಟಗೋರಿ."

ಆಮೇಲೆ ಹೆಂಗಸರನ್ನು ಕರೆದೆ. ಕರಟ ತೋರಿಸಿದೆ, ಬಾತುಕೋಳಿ ತೋರಿಸಿದೆ. ಸಾವಂತ್ರವ್ವ ಬುಗುರಿಯನ್ನು ತಿರುವಿ ತಿರುವಿ ನೋಡಿ ಹೂಂ ಎಂದಳು. ಅವಳು ಹೂಂ ಎಂದಮೇಲೆ ರತ್ನವ್ವ ಹಿಂದೆ ಬೀಳುತ್ತಾಳೆಯೇ? ಮೂರನೆಯವಳು ಮೇಲಿನ ಮಾಳಿಗೆಯ ಕಾರವಾರದ ಬಾಯಿ. ನಾಲ್ಕನೆಯ ಜೋಡಿ ನನ್ನದು.

ಹೆಸರು ಕೊರೆಯುವುದು ಬೇಡ ಎಂದು ನಾನೇ ಹೇಳಿದೆ. ಹೆಸರಿದ್ದರೆ ಬೀಗರು ಓದುತ್ತಾರೆ, ಗುಟ್ಟು ಬಯಲು. ಚಿತ್ರ ಕೊರೆದರೆ ಯಾರಿಗೆ ಏನು ತಿಳಿಯುತ್ತದೆ? ಎಲ್ಲರೂ ನನ್ನ ಬುದ್ಧಿಗೆ ತಲೆದೂಗಿದರು. ನಾನೂ ತೂಗಿದೆ.

ಗಿರಣಿಯ ಭೋಂಗಾ ಕೂಗಿ ಗಂಡಸರೆಲ್ಲ ಪಾಳಿಗೆ ಹೋದ ಮೇಲೆ ಮಧ್ಯಾಹ್ನ ಕೂತೆವು. ಫ್ಯಾನು ಬಂದ್. ಬಂಗಾರದ ಧೂಳು ಹಾರಬಾರದಲ್ಲ! ಅಕ್ಕಸಾಲಿಗ ಅಕ್ಕನ ಬಂಗಾರವನ್ನೂ ಬಿಡುವುದಿಲ್ಲ ಎನ್ನುತ್ತಾರೆ. ನಾನು ಅಕ್ಕಸಾಲಿಗನ ಮಗಳು. ಮೂವರೂ ನನ್ನ ಮೂಗಿಗೆ ಮೂಗು ತಾಗಿಸಿ ಕೂತರು. ಬೆವರು ಇಳಿಯುತ್ತಿದೆ, ಉಸಿರು ಬಿಡಲೂ ಹೆದರಿಕೆ. ಉದುರಿದ ಚೂರನ್ನು ಸಾವಂತ್ರವ್ವ ಒದ್ದೆ ಬೆರಳಿನಿಂದ ಎತ್ತಿ ಎತ್ತಿ ಬಟ್ಟಲಿಗೆ ಹಾಕಿದಳು. ಕೊನೆಗೆ ಎಲ್ಲ ಸೇರಿ ಅರ್ಧ ಸಾಸಿವೆ ಕಾಳಿನಷ್ಟಾಯಿತು. ಆದರೂ ಏಳುವಾಗ ನನ್ನ ಉಗುರಿನ ಸಂದು ನೋಡಿಯೇ ಎದ್ದಳು.

ಗುರುತು ಏನು ಬೇಕು ಎಂದರೆ ಸಾವಂತ್ರವ್ವ ಬಸವಣ್ಣ ಬೇಕೆಂದಳು. ಕೊರೆದೆ. ಕೋಡು ಸಣ್ಣದಾಯಿತು, ಬಾಲ ಉದ್ದವಾಯಿತು. ರತ್ನವ್ವ ಕೇಳಿದ್ದು ಕಮಲ, ಬಂದದ್ದು ಉಳ್ಳಾಗಡ್ಡಿ. ಕಾರವಾರದವಳ ಮೀನು ಮಾತ್ರ ಮೀನಿನಂತೆಯೇ ಬಂತು. ನನ್ನದಕ್ಕೆ ಒಂದು ಗೆರೆ ಎಳೆದು ಬಿಟ್ಟೆ.

ಸಾವಂತ್ರವ್ವನಿಗೂ ರತ್ನವ್ವನಿಗೂ ಅಂದು ಮಾತು ಶುರುವಾಯಿತು. ಮೊದಲ ಮಾತು "ನಿಂದು ಉಳ್ಳಾಗಡ್ಡಿ ಆಗೇತಿ ನೋಡ". ಎರಡನೆಯದನ್ನು ಬಿಡಿ. ಅಂತೂ ಮಾತು.

ಮದುವೆ ದಿನ ಬೆಳಿಗ್ಗೆ ಸುಮಿತ್ರಾ ಎರಡೂ ಕೈ ತುಂಬ ಬಂಗಾರ ಹಾಕಿಕೊಂಡು ಮದುವೆಯ ಹಾಲ್‌ಗೆ ಬಂದಳು. ಗಂಗವ್ವ ಎಷ್ಟೋ ವರ್ಷದ ಮೇಲೆ ಬೆನ್ನು ನೆಟ್ಟಗೆ ಮಾಡಿ ನಡೆದಳು. ನಾನು ಅಂಗೈ ಉಜ್ಜಿಕೊಳ್ಳುತ್ತ ಮುಂದಿನ ಸಾಲಿನಲ್ಲೇ ಕೂತೆ. ಎಂಥ ಕೆಲಸ ಮಾಡಿದೆ ನೋಡಿ!

ಆಗ ಬಳೆಗಾರ ಬಂದ.

ನೀವು ನಮ್ಮ ಕಡೆಯವರಾದರೆ ಈಗಾಗಲೇ ನಕ್ಕಿರುತ್ತೀರಿ. ಗಂಡಿನ ಕಡೆಯವರು ಹೆಣ್ಣಿಗೆ ಹಸಿರು ಬಳೆ ಇಡಿಸಬೇಕು. ಗಾಜಿನ ಬಳೆ ಏರಿಸುವ ಮೊದಲು ಕೈಯಲ್ಲಿದ್ದ ಬಂಗಾರವನ್ನೆಲ್ಲ ತೆಗೆಯಬೇಕು. ತೆಗೆದದ್ದನ್ನು ಎಲ್ಲಿ ಇಡುತ್ತಾರೆ? ತಾಟಿನಲ್ಲಿ. ತಾಟು ಯಾರ ಮುಂದೆ? ಅತ್ತೆಯ ಮುಂದೆ! ನೂರು ಮದುವೆ ನೋಡಿದ ಮುದುಕಿ ನಾನು, ಇದೊಂದನ್ನು ಮರೆತಿದ್ದೆ.

ನೀಲವ್ವ ತಾಟಿನಿಂದ ಒಂದು ಪಾಟ್ಲಿ ಎತ್ತಿದಳು. ತಿರುವಿದಳು. ಬೆಳಕಿಗೆ ಹಿಡಿದಳು. ಇನ್ನೊಂದು ಜೋಡಿ ಎತ್ತಿದಳು. ಆಮೇಲೆ ಮತ್ತೊಂದು. ನಾಲ್ಕು ಜೋಡಿ, ನಾಲ್ಕು ಗುರುತು. ಒಬ್ಬಳೇ ಹುಡುಗಿಯ ಬಂಗಾರದಲ್ಲಿ ಮೀನು ಯಾಕೆ, ಉಳ್ಳಾಗಡ್ಡಿ ಯಾಕೆ? ಕಣ್ಣಿದ್ದವರಿಗೆ ಲೆಕ್ಕ ಬರದೇ ಇರುತ್ತದೆಯೇ? ಹೆಸರನ್ನೇ ಕೊರೆದಿದ್ದರೂ ಇಷ್ಟು ಸ್ಪಷ್ಟವಾಗಿ ಹೇಳುತ್ತಿರಲಿಲ್ಲ.

"ಇದೇನ್ರೆವಾ," ಎಂದಳು ನೀಲವ್ವ, ಮೊದಲಿನ ಪಾಟ್ಲಿ ಮತ್ತೆ ಎತ್ತಿ. "ಇಲಿ ತಗದಾರಲ್ಲ ಒಳಗ?"

ಯಾರೂ ತುಟಿ ಬಿಚ್ಚಬಾರದಿತ್ತು.

"ಇಲಿ ಅಲ್ರೀ ಅದು!" ಹಿಂದಿನಿಂದ ಸಾವಂತ್ರವ್ವ ಚೀರಿದಳು. "ನಮ್ಮ ಬಸವಣ್ಣ!"

ರತ್ನವ್ವ ಚಿವುಟಿದ್ದು ನನಗೆ ಕೇಳಿಸಿತು. ಗಂಗವ್ವನ ಮುಖದಲ್ಲಿ ರಕ್ತ ಇರಲಿಲ್ಲ. ಸುಮಿತ್ರಾ ಒಂದು ಕೈ ಬಳೆಗಾರನಿಗೆ ಕೊಟ್ಟು ತಲೆ ತಗ್ಗಿಸಿ ಕೂತಿದ್ದಳು, ಕಿವಿ ಕೆಂಪಾಗಿತ್ತು. ಮುಹೂರ್ತಕ್ಕೆ ಅರ್ಧ ತಾಸು. ನೀಲವ್ವ "ಏಳ್ರಿ" ಎಂದರೆ ಅವಳ ಕಡೆಯವರು ಎದ್ದು ನಡೆಯುತ್ತಾರೆ. ಇಷ್ಟೇ ಬಾಕಿ.

ನೀಲವ್ವ ಹಾಲ್‌ನ ಸುತ್ತ ಕಣ್ಣಾಡಿಸಿದಳು. "ಯಾರ ಕೈಕೆಲಸ ಇದು?"

ಎದ್ದು ನಿಂತೆ. ಸುಳ್ಳು ಹೇಳಬಹುದಿತ್ತು. ಆದರೆ ಕೆಲಸ ಕೆಟ್ಟದ್ದಿರಲಿಲ್ಲವಲ್ಲ, ಕೋಡು ಸಣ್ಣದು ಅಷ್ಟೇ.

"ನಂದು."

"ಬರ್ರಿ ಇಲ್ಲೆ."

ಹೋಗಿ ಪಕ್ಕದಲ್ಲಿ ಕೂತೆ. ಬೈಯುತ್ತಾಳೆ ಎಂದು ಉತ್ತರ ಮಸೆದಿಟ್ಟುಕೊಂಡಿದ್ದೆ. ಅವಳು ಸೆರಗು ಮುಂದೆ ಎಳೆದು, ಅದರ ಮರೆಯಲ್ಲಿ ತನ್ನ ಕೈಯ ಪಾಟ್ಲಿಯನ್ನು ತುಸು ಮೇಲೆ ಸರಿಸಿದಳು. ಒಳಗೆ ಸಣ್ಣಗೆ ಸುತ್ತಿದ ಕೆಂಪು ದಾರ. ಅದರ ಪಕ್ಕದ ಬಳೆಯಲ್ಲಿ ಹಳದಿ ದಾರ. ಕೊರಳಿನ ಸರದ ಕೊಂಡಿಗೆ ನೀಲಿ.

"ನಮ್ಮ ಬಿಲ್ಡಿಂಗಿನಾಗ ಹಿಂಗ ದಾರಾ ಸುತ್ತತೀವ್ರಿ," ಎಂದಳು ಪಿಸುಮಾತಿನಲ್ಲಿ. "ಹ್ವಾದ ಮದಿವ್ಯಾಗ ಎರಡು ಹರದ ಬಿದ್ದು ಯಾರದು ಯಾವುದು ಗೊತ್ತಾಗ್ಲಿಲ್ಲ. ನಾಕು ಮಂದಿ ಮಾತು ಬಿಟ್ಟಾರ. ನೀವು ಕೊರದದ್ದು ಹರಿಯೂದಿಲ್ಲಲ್ಲ? ಎದರಲೆ ಕೊರದ್ರಿ?"

"ದಬ್ಬಣ. ಮತ್ತ ಬುಗುರಿ."

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಮೊದಲು ಯಾರ ಹೊಟ್ಟೆ ಕುಲುಕಿತೋ ಗೊತ್ತಿಲ್ಲ. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡೆವು. ನಗು ಮೂಗಿನಿಂದ ಬಂತು, ಕಣ್ಣಿನಿಂದ ಬಂತು. ಭಟ್ಟರು ಮಂತ್ರ ನಿಲ್ಲಿಸಿ ನೋಡಿದರು. ಗಂಗವ್ವನಿಗೆ ಏನೂ ತಿಳಿಯದೆ ಅವಳೂ ನಗತೊಡಗಿದಳು, ಅಳುತ್ತ. ನೀಲವ್ವ ಕಣ್ಣೊರೆಸಿಕೊಂಡು ತಾಟನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಒಂದೊಂದೇ ಪಾಟ್ಲಿ ಎತ್ತಿ, ಹಸಿರು ಬಳೆಗಳ ಸಂದಿನಲ್ಲಿ, ತಾನೇ ಸೊಸೆಯ ಕೈಗೆ ಏರಿಸಿದಳು. ಅವಳ ನಾದಿನಿ ಕತ್ತು ಚಾಚಿ "ಏನದು, ಏನದು?" ಎಂದಾಗ ನೀಲವ್ವ ತಿರುಗಿಯೂ ನೋಡಲಿಲ್ಲ.

"ಬಸವಣ್ಣನ ಪ್ರಸಾದ ಐತಿ. ಕೈ ಮುಗಿ."

ನಾದಿನಿ ಕೈ ಮುಗಿದಳು! ಸಾವಂತ್ರವ್ವನೂ ಮುಗಿದಳು, ತನ್ನ ಪಾಟ್ಲಿಗೆ ತಾನೇ.

ಮುಹೂರ್ತಕ್ಕೆ ಸರಿಯಾಗಿ ಅಕ್ಷತೆ ಬಿತ್ತು. ಹೊರಗೆ ಮಳೆಯೂ ಬಿತ್ತು. ನಮ್ಮ ಮನೆಯವರು ಪೂರ್ತಿ ನೆನೆದು ಮನೆಗೆ ಬಂದರು. ಅದನ್ನು ಇಲ್ಲಿ ವಿವರಿಸುವುದಿಲ್ಲ.

ಮೊನ್ನೆ ಮಂಗಳವಾರ ಕರಟ, ಸಿಂಬಿ, ಉಳಿ ಎಲ್ಲ ಚೀಲಕ್ಕೆ ಹಾಕಿ ದಾದರ್‌ನಿಂದ ಬೊರಿವಲಿ ಲೋಕಲ್ ಹತ್ತಿದೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಕರಟದೊಳಗೆ ಇಣುಕಿ "ಆಜೀ, ಇದೇನು, ಭೇಳ್‌ಪುರಿ?" ಎಂದು ಕೇಳಿದಳು. ನೀಲವ್ವನ ಬಿಲ್ಡಿಂಗಿನಲ್ಲಿ ಹೆಂಗಸರು ಸಾಲಾಗಿ ಕಾಯುತ್ತಿದ್ದರು. ಗಿಳಿ ಬೇಕು, ಗೆಜ್ಜೆ ಬೇಕು, ಒಬ್ಬಳಿಗೆ ಗಂಡನ ಮುಖ ಬೇಕು! (ಅವನನ್ನು ಕರೆಸಿ ನೋಡಿದೆ. ಬೇಡ ಎಂದೆ.)

ಸುಮಿತ್ರಾ ಚಹಾ ತಂದಿಟ್ಟಳು. ಕೈಯಲ್ಲಿ ಬರೀ ಹಸಿರು ಗಾಜಿನ ಬಳೆ. ಪಕ್ಕದಲ್ಲಿ ಕೂತ ನೀಲವ್ವನ ಕೈಯಲ್ಲೂ ಅಷ್ಟೇ, ದಾರ ಸುತ್ತಿದ್ದೆಲ್ಲ ಅವರವರ ಮನೆಗೆ ಹೋಗಿತ್ತು. ಅತ್ತೆ ಸೊಸೆ ಇಬ್ಬರೂ ಒಂದೇ ಮೊರದಲ್ಲಿ ಜೋಳ ಹಸನು ಮಾಡುತ್ತ ನನ್ನ ಗಿಳಿಯನ್ನು ಕೋಳಿ ಎಂದು ಆಡಿಕೊಂಡು ನಗುತ್ತಿದ್ದರು.

ನೀಲವ್ವನಿಗೆ ಹೆದರಿ ಗಂಗವ್ವ ನಾಲ್ಕು ಮನೆಯ ಬಂಗಾರ ತಂದಳು, ಗಂಗವ್ವನಿಗೆ ಹೆದರಿ ನೀಲವ್ವನೂ ಹತ್ತು ಮನೆಯ ಬಾಗಿಲು ಬಡಿದಳು. ಅಲ್ಲರೀ, ಹಾಗಾದರೆ ಆ ಮದುವೆಯಲ್ಲಿ ಬಂಗಾರ ಬೇಕಾಗಿದ್ದದ್ದು ಯಾರಿಗೆ?